ಕೋಟೆಯ ಬಾಗಿಲೂ ಗಣಕಜಾಲದ ದ್ವಾರನಿಯಮಗಳೂ

ರಾಯಚೂರಿನ ಕೋಟೆಗೆ ಎರಡು ಸುತ್ತಿನ ಗೋಡೆಗಳುಂಟು. ಒಳಗೋಡೆಯು ಕ್ರಿ.ಶ. ೧೨೯೪ರಲ್ಲಿ, ಕಾಕತೀಯರ ಆಳ್ವಿಕೆಯ ಕಾಲದಲ್ಲಿ ಕಟ್ಟಿಸಿದುದು, ಹೊರಗೋಡೆ ತರುವಾಯದ್ದು. ಹೊರಗೋಡೆಗೆ ಮೆಕ್ಕಾ, ನವರಂಗಿ, ಕಾಟಿ, ಖಂದಕ ಮೊದಲಾದ ಐದು ದರವಾಜೆಗಳಿದ್ದರೆ ಒಳಗೋಡೆಗೆ ಸೈಲಾನಿ, ಸಿಕಂದರಿ ಎಂಬ ಎರಡೇ. ಹೊರಬಾಗಿಲನ್ನು ದಾಟಿದ ಮಾತ್ರಕ್ಕೆ ಒಳಕೋಟೆಯ ಪ್ರವೇಶ ಲಭಿಸದು. ಇಂದು ಗಣಕಯಂತ್ರಗಳನ್ನಿರಿಸಿಕೊಂಡ ಪ್ರತಿಯೊಂದು ವಿದ್ಯಾಶಾಲೆಗೂ ಇಂಥದೇ ಒಂದು ಗೋಡೆಯಿದೆ; ಅದೇ ಫೈರ್‌ವಾಲ್. ಇದನ್ನು ಕೆಲವರು ಬೆಂಕಿಯ ಗೋಡೆಯೆಂದು ಅನುವಾದಿಸುತ್ತಾರೆ. ಅದು ಬೆಂಕಿಯಿಂದಾದ ಗೋಡೆಯಲ್ಲ, ಒಂದೆಡೆಯ ಬೆಂಕಿ ಮತ್ತೊಂದೆಡೆಗೆ ಹಬ್ಬದಂತೆ ತಡೆಯುವ ಗೋಡೆ. ವಿಗ್ರಹವಾಕ್ಯ ತಪ್ಪಿದರೆ ಸಮಾಸದ ಅರ್ಥವೇ ಕೆಡುವುದು.

ಈ ಗೋಡೆಯ ಬಾಗಿಲುಗಳಿಗೆ ಪೋರ್ಟ್ ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ಪೋರ್ತಾ ಎಂದರೆ ಬಾಗಿಲೇ. ಇವುಗಳ ಸಂಖ್ಯೆ ೬೫೫೩೫ರವರೆಗೆ ಹೋಗುತ್ತದೆ. ಗೋಡೆಯೊಳಗಿನ ಯಂತ್ರಗಳಿಗೆ ೧೯೨.೧೬೮ ಎಂದು ಮೊದಲಾಗುವ ಖಾಸಗಿ ವಿಳಾಸಗಳಿರುವುದು ಸಾಮಾನ್ಯ. ದೇವದುರ್ಗದ ಶಾಲೆಯಲ್ಲಿರುವ ವಿಳಾಸವೇ ಮಾನ್ವಿಯ ಶಾಲೆಯಲ್ಲಿಯೂ ಇರಬಹುದು. ಊರೂರಿಗೂ ಒಂದನೆಯ ವಾರ್ಡು ಇರುವಂತೆ. ಆದಕಾರಣ ಹೊರಗಿನವರು ಆ ವಿಳಾಸವನ್ನು ಹಿಡಿದು ನೇರವಾಗಿ ಬರಲಾರರು.

ಮಾನ್ವಿಯ ಶಾಲೆಯೊಂದು ತನ್ನ ಹಳೆಯ ಸಂಚಿಕೆಗಳನ್ನೆಲ್ಲ ಒಂದು ಗಣಕದಲ್ಲಿರಿಸಿದೆ, ರಾಯಚೂರಿನಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬರು ಅವನ್ನು ಮನೆಯಿಂದಲೇ ಓದಬಯಸುತ್ತಾರೆ ಎಂದು ಭಾವಿಸೋಣ. ಆಗ ರೌಟರ್ ಯಂತ್ರಕ್ಕೆ, ಹೊರಗಿನ ೮೪೪೩ನೆಯ ದ್ವಾರಕ್ಕೆ ಬಂದುದನ್ನು ಒಳಗಿನ ೧೯೨.೧೬೮.೧.೨೦ರ ೪೪೩ನೆಯ ದ್ವಾರಕ್ಕೆ ಒಪ್ಪಿಸು ಎಂಬ ನಿಯಮವನ್ನು ಬರೆದಿಡಬೇಕು. ಪೋರ್ಟ್ ಫಾರ್ವರ್ಡಿಂಗ್ ಎಂಬುದು ಇಷ್ಟೇ. ರೌಟರಿನ ನಿರ್ವಹಣಾಪುಟದಲ್ಲಿ ಆ ಹೆಸರಿನಲ್ಲಿಯೋ ವರ್ಚುವಲ್ ಸರ್ವರ್ ಎಂಬ ಹೆಸರಿನಲ್ಲಿಯೋ ಈ ನಿಯಮಗಳ ಪಟ್ಟಿ ಕಾಣಸಿಗುತ್ತದೆ.

ನಿಯಮವಿದ್ದೂ ಬಾಗಿಲು ತೆರೆಯದಿದ್ದರೆ ಒಳಗಿನಿಂದ ಹೊರಕ್ಕೆ ಪರೀಕ್ಷಿಸುತ್ತ ಬರುವುದೇ ಕ್ರಮ. ಮೊದಲು ಆ ಗಣಕದಲ್ಲಿಯೇ ಪುಟ ತೆರೆಯುವುದೇ ನೋಡಬೇಕು. ಅಲ್ಲಿಯೇ ತೆರೆಯದಿದ್ದರೆ ಗೋಡೆಯನ್ನು ದೂರಿ ಫಲವಿಲ್ಲ. ಬಳಿಕ ಶಾಲೆಯ ಇನ್ನೊಂದು ಗಣಕದಿಂದ ನೋಡಬೇಕು. ಇಲ್ಲಿ ತಡೆಯುಂಟಾದರೆ ಆ ಗಣಕದೊಳಗೇ ಇರುವ ಸ್ವಂತ ಫೈರ್‌ವಾಲ್ ಬಹುಶಃ ಕಾರಣ. ಅದೇ ಸಿಕಂದರಿ ದರವಾಜೆ. ಕೊನೆಗೆ ಹೊರಗಿನಿಂದ. ಈ ಕಡೆಯ ಪರೀಕ್ಷೆಯನ್ನು ಶಾಲೆಯ ಜಾಲದಿಂದಲೇ ಮಾಡಿ ಮೋಸಹೋಗುವವರು ಬಹಳ. ಒಳಗಿದ್ದುಕೊಂಡು ಹೊರವಿಳಾಸವನ್ನು ಕರೆದರೆ ಹಲವು ರೌಟರುಗಳು ಓಗೊಡುವುದಿಲ್ಲ. ಮೊಬೈಲಿನ ವೈಫೈ ಆರಿಸಿ, ಅದರ ಸ್ವಂತ ಇಂಟರ್‌ನೆಟ್ ಮೂಲಕ ನೋಡತಕ್ಕದ್ದು.

ಲಿನಕ್ಸ್ ಆಧಾರಿತ ಫೈರ್‌ವಾಲ್‌ಗಳಲ್ಲಿ ಪ್ರತಿಯೊಂದು ನಿಯಮದ ಮುಂದೆ ಒಂದು ಲೆಕ್ಕವನ್ನು ಕಾಣಬಹುದು. ಹೊರಗಿನಿಂದ ಪ್ರಯತ್ನಿಸಿದಾಗ ಅದು ಏರಿದರೆ ಅತಿಥಿ ನಿಯಮದವರೆಗೆ ಬಂದಿದ್ದಾನೆ, ತೊಡಕು ಅದರ ಮುಂದಿದೆ ಎಂದರ್ಥ. ಏರದಿದ್ದರೆ ಆತ ಗೋಡೆಯನ್ನೇ ಮುಟ್ಟಿಲ್ಲ, ಇಲ್ಲವೆ ಮೇಲಿನ ಸಾಲಿನ ಬೇರೊಂದು ನಿಯಮ ಅವನನ್ನು ಮೊದಲೇ ಹಿಡಿದಿದೆ. ನಿಯಮಗಳನ್ನು ಯಂತ್ರವು ಮೇಲಿನಿಂದ ಕೆಳಕ್ಕೆ ಓದುತ್ತದೆ. ದ್ವಾರವನ್ನು ತಿರುಗಿಸುವ ನಿಯಮ ಬೇರೆ, ಒಳಬಿಡುವ ಅನುಮತಿ ಬೇರೆ ಎಂಬುದನ್ನೂ ಮರೆಯಲಾಗದು.

ನಿನ್ನೆ ನಡೆಯುತ್ತಿದ್ದುದು ಇಂದು ನಿಂತಿತೆಂಬ ದೂರಿಗೆ ಸಾಮಾನ್ಯ ಕಾರಣ ಮತ್ತೊಂದು. ವಿದ್ಯುತ್ತು ಹೋಗಿ ಬಂದ ಮೇಲೆ ಗಣಕಕ್ಕೆ ೨೦ರ ಬದಲು ೨೭ನೆಯ ವಿಳಾಸ ದೊರೆತಿರುತ್ತದೆ. ನಿಯಮ ಮಾತ್ರ ಹಳೆಯ ಮನೆಯ ಕದವನ್ನೇ ತಟ್ಟುತ್ತಿರುತ್ತದೆ. ಆ ಗಣಕಕ್ಕೆ ವಿಳಾಸವನ್ನು ಕಾಯಂ ಮಾಡಿಡುವುದೇ ಪರಿಹಾರ.

ಇನ್ನು ರೌಟರಿನ ಹೊರವಿಳಾಸವೇ ೧೦೦.೬೪ರಿಂದ ೧೦೦.೧೨೭ರವರೆಗಿನ ವರ್ಗಕ್ಕೆ ಸೇರಿದ್ದರೆ, ಇಂಟರ್‌ನೆಟ್ ಒದಗಿಸುವ ಸಂಸ್ಥೆಯೇ ಇನ್ನೊಂದು ಸುತ್ತಿನ ಗೋಡೆಯ ಹಿಂದೆ ಶಾಲೆಯನ್ನಿರಿಸಿದೆ ಎಂದು ತಿಳಿಯಬೇಕು. ೨೦೧೨ರಲ್ಲಿ ಈ ವಿಳಾಸವರ್ಗವನ್ನು ಅದಕ್ಕೆಂದೇ ಮೀಸಲಿಟ್ಟರು. ಅಲ್ಲಿ ಶಾಲೆಯವರ ನಿಯಮ ಎಷ್ಟು ಶುದ್ಧವಾಗಿದ್ದರೂ ನಿಷ್ಫಲ. ಸಂಸ್ಥೆಯಿಂದ ಸಾರ್ವಜನಿಕ ವಿಳಾಸವನ್ನು ಕೇಳಿ ಪಡೆಯಬೇಕು.

ತೆರೆದ ಬಾಗಿಲಿನಿಂದ ಹಳೆಯ ವಿದ್ಯಾರ್ಥಿಯೊಬ್ಬರೇ ಬರುವುದಿಲ್ಲ. ೨೦೧೬ರಲ್ಲಿ ಮಿರಾಯ್ ಎಂಬ ದುಷ್ಟತಂತ್ರಾಂಶವು, ಕಾರ್ಖಾನೆಯಲ್ಲಿಟ್ಟ ಗುಪ್ತಪದವನ್ನೂ ಬದಲಿಸದೆ ತೆರೆದಿಟ್ಟಿದ್ದ ಲಕ್ಷಾಂತರ ಕ್ಯಾಮೆರಾ, ರೌಟರುಗಳನ್ನು ವಶಪಡಿಸಿಕೊಂಡಿತು. ಆ ವರ್ಷದ ಅಕ್ಟೋಬರ್ ೨೧ರಂದು ಅಂಥ ಯಂತ್ರಗಳ ದಾಳಿಯಿಂದ ಅಮೆರಿಕದ ಹಲವು ಪ್ರಸಿದ್ಧ ಜಾಲತಾಣಗಳು ಕೆಲಕಾಲ ಕಾಣದಾದವು. ಮಕ್ಕಳ ಜನ್ಮದಿನಾಂಕ, ಅಂಕಪಟ್ಟಿ, ಪೋಷಕರ ವಿವರಗಳಿರುವ ಗಣಕವನ್ನಾಗಲಿ ತರಗತಿಯ ಕ್ಯಾಮೆರಾವನ್ನಾಗಲಿ ಹೀಗೆ ಬಯಲಿಗಿಡುವುದು ಸರ್ವಥಾ ಸಲ್ಲದು. ಅವಕ್ಕೆ ವಿಪಿಎನ್ ಎಂಬ ಮುಚ್ಚಿದ ಸುರಂಗಮಾರ್ಗವೇ ತಕ್ಕುದು. ಮಿಕ್ಕ ನಿಯಮಗಳಿಗೆ ಮುಖ್ಯೋಪಾಧ್ಯಾಯರ ಬಳಿ ಒಂದು ದಾಖಲೆಪುಸ್ತಕವಿರಲಿ. ಯಾವ ದ್ವಾರ, ಯಾವ ಗಣಕಕ್ಕೆ, ಯಾರ ಕೋರಿಕೆಯಿಂದ, ಯಾವ ದಿನ ತೆರೆದುದು ಎಂಬುದನ್ನು ಅದರಲ್ಲಿ ಬರೆದು, ವರ್ಷಕ್ಕೊಮ್ಮೆ ರೌಟರಿನ ಪಟ್ಟಿಯೊಡನೆ ಹೋಲಿಸಿ, ಪುಸ್ತಕದಲ್ಲಿಲ್ಲದ ಸಾಲನ್ನು ವಿಚಾರಿಸಿ ಅಳಿಸತಕ್ಕದ್ದು.