ಕಟ್ಟಿ ಬಣ್ಣವೇರಿಸಿದ ಸೀರೆ

ಯಾದಗಿರಿ, ಶಹಾಪುರ, ಸುರಪುರಗಳು 1956ರ ವರೆಗೆ ಹೈದರಾಬಾದ ರಾಜ್ಯಕ್ಕೆ ಸೇರಿದ್ದವು. ರಾಜ್ಯವು ಹೋದರೂ ರೂಢಿಯು ಹೋಗಲಿಲ್ಲ. ಲಗ್ನದ ಜವಳಿಗೆಂದು ಶಹಾಪುರದ ನಮ್ಮ ಮನೆಯವರು ಇಂದಿಗೂ ಹೈದರಾಬಾದಿಗೇ ಹೋಗುವರು. ಮಗಳ ಲಗ್ನದ ನಿಮಿತ್ತವಾಗಿ ಕಳೆದ ಮಾಘದಲ್ಲಿ ನಾನೂ ಸಕುಟುಂಬನಾಗಿ ಚಾರಮಿನಾರದ ಸಮೀಪದ ಪತ್ತರ್‌ಗಟ್ಟಿಯ ಪೇಟೆಗೆ ಹೋಗಿದ್ದೆನು. ಮಗಳು ಬಯಸಿದುದು ಪೋಚಂಪಲ್ಲಿಯ ಸೀರೆ.

ಈ ಸೀರೆಯ ಚಿತ್ರವು ನೆಯ್ದಾದ ಮೇಲೆ ಒತ್ತಿದುದಲ್ಲ. ನೆಯ್ಯುವ ಮೊದಲೇ ನೂಲಿನಲ್ಲಿ ಅಡಗಿರುವದು. ನೇಕಾರರು ನೂಲನ್ನು ಚೌಕಟ್ಟಿಗೆ ಬಿಗಿದು, ಬಣ್ಣ ಹತ್ತಬಾರದ ಸ್ಥಳಗಳನ್ನೆಲ್ಲ ಸೈಕಲ್ಲಿನ ಟ್ಯೂಬಿನಿಂದ ಕತ್ತರಿಸಿದ ರಬ್ಬರಿನ ಪಟ್ಟಿಗಳಿಂದ ಬಲವಾಗಿ ಕಟ್ಟಿ ಬಣ್ಣದಲ್ಲಿ ಅದ್ದುವರು. ಬಿಚ್ಚಿ, ಬೇರೆಡೆ ಕಟ್ಟಿ, ಮತ್ತೊಂದು ಬಣ್ಣದಲ್ಲಿ ಅದ್ದುವರು. ಹಾಸು ಹೊಕ್ಕುಗಳೆರಡನ್ನೂ ಹೀಗೆ ಸಿದ್ಧಪಡಿಸಿದರಂತೂ ಮಗ್ಗದ ಮೇಲೆ ಒಂದರ ಗುರುತು ಇನ್ನೊಂದರ ಗುರುತಿಗೆ ಸರಿಯಾಗಿ ಕೂಡಬೇಕು. ಎಷ್ಟು ಜಾಗರೂಕತೆಯಿದ್ದರೂ ಕೂದಲೆಳೆಯಷ್ಟು ಹಿಂದುಮುಂದಾಗದೆ ಇರದು. ಚಿತ್ರದ ಅಂಚು ಮಂಜಿನಲ್ಲಿ ಕಂಡಂತೆ ಮಸಕಾಗಿರುವದು ಇದರಿಂದಲೇ.

ಬಾಣಭಟ್ಟನು ಹರ್ಷಚರಿತದಲ್ಲಿ ರಾಜ್ಯಶ್ರೀಯ ವಿವಾಹಸಿದ್ಧತೆಯನ್ನು ವರ್ಣಿಸುವಾಗ, ನುರಿತ ವೃದ್ಧ ಸ್ತ್ರೀಯರು ಬಟ್ಟೆಗಳನ್ನು ಬಗೆಬಗೆಯಾಗಿ ಕಟ್ಟುತ್ತಿದ್ದರೆಂದು ಹೇಳಿರುವನು. ಅಲ್ಲಿ ಕಟ್ಟುವದು ನೆಯ್ದ ಬಟ್ಟೆಯನ್ನು, ಇಲ್ಲಿ ನೂಲನ್ನು. ಆದರೂ ವಿದ್ಯೆ ಒಂದೇ ಕುಲದ್ದು. ಪಾಠ ಹೇಳುವಾಗ ಆ ಕಟ್ಟುವಿಕೆಯ ಅರ್ಥವು ನನಗೇ ತಿಳಿಯದೆ, ಹುಡುಗರಿಗೆ ಏನೋ ಹೇಳಿ ಮುಂದೆ ಸಾಗಿದ್ದೆನು!

ಆ ಅಜ್ಞಾನಕ್ಕೆ ಒಮ್ಮೆ ದಂಡವನ್ನೂ ತೆತ್ತಿದ್ದೇನೆ. ಕೆಲವು ವರ್ಷಗಳ ಕೆಳಗೆ ತಂಗಿಯ ಮಗನ ಉಪನಯನಕ್ಕೆಂದು ಇಂಥದೇ ಒಂದು ಸೀರೆಯನ್ನು ಹೆಚ್ಚಿನ ಬೆಲೆ ಕೊಟ್ಟು ಒಯ್ದಿದ್ದೆನು. ಆಕೆ ಮಡಿಕೆ ಬಿಚ್ಚಿ ಹಿಮ್ಮಗ್ಗುಲನ್ನು ನೋಡಿದಳು. ಅಲ್ಲಿ ಬಣ್ಣವೇ ಪೇಲವವಾಗಿದ್ದಿತು. ಅದು ಒತ್ತಿದ ಅರಿವೆ. "ಚೊಲೋ ಅದ ಅಣ್ಣಾ" ಎಂದಷ್ಟೇ ಅಂದಳು.

ಆದುದರಿಂದ ಈ ಸಲ ಅಂಗಡಿಯವನು ಎರಡು ಸೀರೆಗಳನ್ನು ಮುಂದೆ ಹರವಿದಾಗ ನಾನು ಬೆಲೆಯನ್ನು ಕೇಳಲಿಲ್ಲ, ಮಗುಚಿ ನೋಡಿದೆನು. ಕಟ್ಟಿ ನೆಯ್ದುದಕ್ಕೆ ಎರಡೂ ಮಗ್ಗುಲು ಒಂದೇ. ಇನ್ನೂ ಸಂಶಯವಿದ್ದರೆ, ಅಂಗಡಿಯವನ ಅಪ್ಪಣೆ ಪಡೆದು, ಸೆರಗಿನ ತುದಿಯಲ್ಲಿ ಚಿತ್ರವಿದ್ದಲ್ಲಿಂದ ಒಂದೆಳೆಯನ್ನು ಬಿಡಿಸಿಕೊಳ್ಳಬೇಕು. ಒಂದೇ ಎಳೆಯು ಒಂದಿಷ್ಟು ದೂರ ಬಿಳುಪು, ಮುಂದೆ ಕೆಂಪು, ಹೀಗೆ ಒಳಗಿನವರೆಗೂ ಬಣ್ಣ ಹೀರಿದ್ದರೆ ಅದು ಕಟ್ಟಿದ ನೂಲು. ಮೇಲಷ್ಟೇ ಚುಕ್ಕೆಚುಕ್ಕೆಯಾಗಿ ಬಣ್ಣ ಹತ್ತಿದ್ದರೆ ಒತ್ತಿದುದು. ಒತ್ತಿದುದನ್ನು ಕೊಳ್ಳಬಾರದೆಂದು ನನ್ನ ಅಭಿಪ್ರಾಯವಲ್ಲ. ನಿತ್ಯದ ಉಡಿಗೆಗೆ ಅದೇ ಅನುಕೂಲ. ಅದನ್ನು ಮಗ್ಗದ ಹೆಸರಿನಲ್ಲಿ ಮಾರಿದರೆ ಮಾತ್ರ ಕೊಳ್ಳುವವರಿಗೂ ಮೋಸ, ದಿನಗಟ್ಟಲೆ ಗಂಟು ಕಟ್ಟಿದ ನೇಕಾರರ ಮನೆಗೂ ಮೋಸ.

ನಾಲ್ಕು ಸೀರೆಗಳೆಂದು ಚೀಟಿಯಲ್ಲಿ ಬರೆದುಕೊಂಡು ಹೋದವರು ಎರಡನ್ನೇ ತಂದೆವು. ಮಗಳದೊಂದು, ತಂಗಿಯದೊಂದು. ತಂಗಿಯು ತನ್ನ ಸೀರೆಯನ್ನು ಕೈಗೆ ತೆಗೆದುಕೊಂಡವಳೇ ಮೊದಲು ಹಿಮ್ಮಗ್ಗುಲನ್ನು ನೋಡಿ, ಆಮೇಲೆ ನನ್ನ ಮುಖ ನೋಡಿ ನಕ್ಕಳು.