ಹಳಿಗರಗಸದ ಕೊಯ್ತ ಒರಟಾಗುವುದೇಕೆ?

ಬದುವಿನ ಮರವನ್ನು ಕಡಿಸಿ, ಮಿಲ್ಲಿನಲ್ಲಿ ಸೀಳಿಸಿ, ಬಾಗಿಲು, ಪೆಟ್ಟಿಗೆ, ಮಂಚಗಳನ್ನು ಊರಿನಲ್ಲೇ ಮಾಡಿಸಿಕೊಳ್ಳುವ ರೈತ ಬಾಂಧವರಿಗೆ ಹಳಿಗರಗಸವು ಬಹಳ ಉಪಯುಕ್ತವಾದ ಸಾಧನ. ಗೀಟು ಹಾಕಿದ ಜಾಗದಲ್ಲಿ ಅಲ್ಯೂಮಿನಿಯಂ ಹಳಿಯನ್ನು ಇಟ್ಟು, ಅದರ ಏಣಿನ ಮೇಲೆ ವಿದ್ಯುತ್ ಗರಗಸವನ್ನು ನೂಕಿದರೆ ನೂಲು ಹಿಡಿದಂತೆ ನೇರವಾದ ಅಂಚು ಸಿಗಬೇಕು. ಆದರೆ ಅಂಚು ನೇರವಾಗಿದ್ದರೂ ಒರಟಾಗಿ, ಸಿಬಿರೆದ್ದು, ಕೆಲವೆಡೆ ಸುಟ್ಟು ಕಪ್ಪಾಗಿ ಬರುತ್ತದೆಂಬ ದೂರು ಆಗಾಗ ಕೇಳಿಬರುತ್ತದೆ.

ಇದು ಬರಿಯ ಅಂದಚಂದದ ಮಾತಲ್ಲ. ಆರು ಹಲಗೆ ಜೋಡಿಸುವ ಒಂದು ಬಾಗಿಲಿಗೆ ಹನ್ನೆರಡು ಅಂಚುಗಳು. ಒರಟು ಹೋಗಲೆಂದು ಒಂದೊಂದು ಅಂಚಿಗೂ 3 ಮಿಲಿಮೀಟರಿನಷ್ಟು ಹತ್ತರಿ ಹೊಡೆದರೆ ಒಟ್ಟು 36 ಮಿಲಿಮೀಟರ್, ಎಂದರೆ ಸುಮಾರು ಒಂದೂವರೆ ಅಂಗುಲ ಅಗಲದ ಮರ ಹೊಟ್ಟಾಗಿ ನೆಲಕ್ಕೆ ಬೀಳುತ್ತದೆ. ಇಪ್ಪತ್ತೈದು ವರ್ಷ ಕಾದು ಬೆಳೆಸಿದ ತೇಗವನ್ನು ಹೀಗೆ ಕಳೆದುಕೊಳ್ಳುವುದು ಯಾರಿಗೂ ಇಷ್ಟವಾಗದು.

ಅನೇಕರು ಒರಟು ಕಂಡ ಕೂಡಲೇ ಗರಗಸವೇ ಕೆಟ್ಟಿತೆಂದು ರಿಪೇರಿಗೆ ಕೊಂಡೊಯ್ಯುತ್ತಾರೆ. ಅದಕ್ಕೆ ಮೊದಲು ಅಲಗನ್ನು ನೋಡತಕ್ಕದ್ದು. ಪ್ಲಗ್ಗನ್ನು ಕಿತ್ತ ಮೇಲೆಯೇ ಅಲಗಿಗೆ ಕೈ ಹಾಕಬೇಕು. ಬಟನ್ ಆರಿಸಿದರೆ ಸಾಲದು. ಹಲ್ಲುಗಳ ಬದಿಯಲ್ಲಿ ಕಂದುಬಣ್ಣದ ಅಂಟು ಕೂತಿದ್ದರೆ ಅಲಗು ಮೊಂಡಾಗಿದೆ ಎಂದೇ ಹೇಳಲಾಗದು. ಹಲಸು, ಮಾವು, ಬೇವು ಮೊದಲಾದ ಮರಗಳ ಮೇಣ, ಗೋಂದು ಬಿಸಿಗೆ ಬೆಂದು ಹಲ್ಲಿಗೆ ಹತ್ತಿಕೊಂಡಿರುತ್ತದೆ. ಅಲಗನ್ನು ಬಿಚ್ಚಿ, ಸೋಪು ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಕೆಲಹೊತ್ತು ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಒರೆಸಿ, ಒಣಗಿಸಿ ಮತ್ತೆ ಹಾಕಿದರೆ ಎಷ್ಟೋ ಸಲ ಹೊಸದರಂತೆಯೇ ಕೊಯ್ಯುತ್ತದೆ. ಕಾಸ್ಟಿಕ್ ಸೋಡಾ ಬಳಸಬಾರದು. ಅದು ಹಲ್ಲಿನ ತುದಿಗೆ ಬೆಸೆದ ಕಾರ್ಬೈಡಿಗೆ ಒಳ್ಳೆಯದಲ್ಲ. ತಿರುಗಿ ಹಾಕುವಾಗ ಅಲಗಿನ ಮೇಲಿನ ಬಾಣದ ಗುರುತೂ ಗರಗಸದ ಮೈಮೇಲಿನ ಬಾಣವೂ ಒಂದೇ ದಿಕ್ಕಿಗಿವೆಯೇ ಎಂದು ನೋಡಿ. ಅಲಗನ್ನು ಹಿಡಿಯುವ ಬಿಲ್ಲೆಗಳ ನಡುವೆ ಚಿಟಿಕೆ ಹೊಟ್ಟು ಉಳಿದರೂ ಅಲಗು ಓಲಾಡುತ್ತದೆ.

ಹಲ್ಲಿನ ಸಂಖ್ಯೆಯೂ ಮುಖ್ಯ. ನಾರಿನ ಉದ್ದಕ್ಕೆ ಸೀಳಲು 24 ಅಥವಾ ಅದಕ್ಕಿಂತ ಕಡಿಮೆ ಹಲ್ಲಿನ ಅಲಗು ಒಳಿತು. ಹೊಟ್ಟು ಬೇಗ ಹೊರಬೀಳುತ್ತದೆ. ನಾರಿಗೆ ಅಡ್ಡಲಾಗಿ ಕತ್ತರಿಸಲು, ಪ್ಲೈವುಡ್ ಕೊಯ್ಯಲು 48 ಹಲ್ಲಿನದು ಬೇಕು. ದಪ್ಪ ಹಲಗೆಯನ್ನು 48 ಹಲ್ಲಿನಲ್ಲಿ ಉದ್ದಕ್ಕೆ ಸೀಳಹೊರಟರೆ ಹೊಟ್ಟು ಸಿಕ್ಕಿಕೊಂಡು ಅಂಚು ಕಪ್ಪಾಗುತ್ತದೆ. ಒಂದೇ ಅಲಗಿನಲ್ಲಿ ಎಲ್ಲ ಕೆಲಸ ಮಾಡುವ ಹಟ, ಒಂದೇ ನೇಗಿಲಿನಲ್ಲಿ ಗದ್ದೆಯನ್ನೂ ಹೊಲವನ್ನೂ ಉಳುವ ಹಾಗೆ.

ಇನ್ನು ನಮ್ಮ ಹಳ್ಳಿಗಳಿಗೇ ವಿಶೇಷವಾದ ಕಾರಣ: ಕರೆಂಟು. ಒಂದು ಲೆಕ್ಕ ನೋಡಿ. ಗರಗಸ ನಿಮಿಷಕ್ಕೆ 5,000 ಸುತ್ತು ತಿರುಗುತ್ತಿದ್ದು, ಅಲಗಿಗೆ 24 ಹಲ್ಲಿದ್ದು, ನಾವು ನಿಮಿಷಕ್ಕೆ 3 ಮೀಟರಿನಂತೆ ನೂಕಿದರೆ ಒಂದೊಂದು ಹಲ್ಲೂ ಮಿಲಿಮೀಟರಿನ ನಲವತ್ತರಲ್ಲಿ ಒಂದು ಪಾಲನ್ನು ಮಾತ್ರ ಕಚ್ಚುತ್ತದೆ. ಸುತ್ತು ಕಡಿಮೆಯಾದರೆ ಅದೇ ಹಲ್ಲು ಹೆಚ್ಚು ಕಚ್ಚಬೇಕಾಗುತ್ತದೆ, ನಾರು ಕಿತ್ತುಬರುತ್ತದೆ. ಈಗ ಮನೆಯಿಂದ ಕಣದವರೆಗೆ 50 ಮೀಟರ್ ದೂರ 0.75 ಚದರ ಮಿಲಿಮೀಟರಿನ ಸಣ್ಣ ತಂತಿ ಎಳೆದಿದ್ದೀರಿ ಎನ್ನೋಣ. 1,200 ವ್ಯಾಟಿನ ಗರಗಸಕ್ಕೆ ಆ ತಂತಿಯಲ್ಲೇ ಸುಮಾರು 12 ವೋಲ್ಟ್ ಸೋರಿಹೋಗುತ್ತದೆ. 230 ಇರಬೇಕಾದ ಕರೆಂಟು ಮೊದಲೇ 190ಕ್ಕೆ ಇಳಿದಿರುವಾಗ ಇದು ದೊಡ್ಡ ನಷ್ಟ. ಗರಗಸ ನರಳುತ್ತದೆ, ಮೋಟಾರು ಸುಡುವ ಭಯವೂ ಉಂಟು. 2.5 ಚದರ ಮಿಲಿಮೀಟರಿನ ತಂತಿಯಾದರೆ ಸೋರಿಕೆ 4 ವೋಲ್ಟಿಗಿಂತ ಕಡಿಮೆ. ತಂತಿಯನ್ನು ಸುರುಳಿಯಿಂದ ಪೂರ್ತಿ ಬಿಚ್ಚಿಯೇ ಬಳಸಬೇಕು. ಸುತ್ತಿಟ್ಟ ತಂತಿ ಕಾಯುತ್ತದೆ. ಊರಿನ ಪಂಪುಗಳೆಲ್ಲ ಓಡುವ ಹೊತ್ತಿನಲ್ಲಿ ಕೊಯ್ಯದೆ ಬೇರೆ ಹೊತ್ತಿನಲ್ಲಿ ಕೊಯ್ದು ನೋಡಿ. ವ್ಯತ್ಯಾಸ ಕಿವಿಗೇ ತಿಳಿಯುತ್ತದೆ.

ಸಿಬಿರು ಯಾವ ಮುಖದಲ್ಲಿ ಎದ್ದಿದೆ ಎಂಬುದನ್ನೂ ಗಮನಿಸಿರಿ. ಈ ಗರಗಸದ ಹಲ್ಲುಗಳು ಹಲಗೆಯ ಕೆಳಗಿನಿಂದ ಮೇಲಕ್ಕೆ ಕೊಯ್ಯುತ್ತವೆ. ಆದುದರಿಂದ ನಾರು ಕಿತ್ತುಬರುವುದು ಮೇಲ್ಮುಖದಲ್ಲಿ. ಹಳಿಯ ಅಂಚಿನಲ್ಲಿರುವ ರಬ್ಬರ್ ಪಟ್ಟಿ ಅಲಗಿನ ಪಕ್ಕದಲ್ಲೇ ನಾರನ್ನು ಒತ್ತಿಹಿಡಿಯುವುದರಿಂದ ಹಳಿಯ ಕಡೆಯ ಹಲಗೆ ಸ್ವಚ್ಛವಾಗಿ ಬರುತ್ತದೆ. ಪಟ್ಟಿ ಸವೆದಿದ್ದರೆ ಅಥವಾ ಬಿಸಿಲಿಗೆ ಬಾಗಿದ್ದರೆ ಹೊಸದನ್ನು ಅಂಟಿಸಿ, ಮೊದಲ ಓಟದಲ್ಲಿ ಅಲಗಿನಿಂದಲೇ ಅದನ್ನು ಅಳತೆಗೆ ಕೊಯ್ದುಕೊಳ್ಳಬೇಕು. ಬೇರ್ಪಡುವ ತುಂಡಿಗೆ ಈ ರಕ್ಷಣೆಯಿಲ್ಲ. ಆದ್ದರಿಂದ ಬೇಕಾದ ಹಲಗೆಯನ್ನು ಹಳಿಯ ಕೆಳಗೇ ಇಡಿ. ಎರಡು ತುಂಡೂ ಬೇಕಾದರೆ ಚೆಂದದ ಮುಖವನ್ನು ಕೆಳಗೆ ಮಾಡಿ ಕೊಯ್ಯಿರಿ.

ಅಂಚಿನ ಮೇಲೆ ಬಿಲ್ಲಿನಂತಹ ಗೀರುಗಳು ಒಂದನ್ನೊಂದು ಅಡ್ಡಹಾಯ್ದಿದ್ದರೆ ಅದು ಬೇರೆ ದೋಷ. ಮುಂದಿನ ಹಲ್ಲು ಕೊಯ್ದ ಅಂಚನ್ನು ಹಿಂದಿನ ಹಲ್ಲು ಕೆಳಗಿಳಿಯುವಾಗ ಮತ್ತೆ ಕೆರೆಯುತ್ತಿದೆ ಎಂದರ್ಥ. ಅಲಗಿನ ಹಿಂಭಾಗವು ಹಳಿಯಿಂದ ಕೂದಲೆಳೆಯಷ್ಟು ಆಚೆಗೆ, ಬಿದ್ದುಹೋಗುವ ತುಂಡಿನ ಕಡೆಗೆ ಇರಬೇಕು. ಇದನ್ನು ಸರಿಪಡಿಸುವುದು ಸೂಕ್ಷ್ಮ ಕೆಲಸ, ತಿಳಿದವರ ಕೈಯಲ್ಲಿ ಮಾಡಿಸಿ. ಗರಗಸ ಹಳಿಯ ಮೇಲೆ ಅತ್ತಿತ್ತ ಅಲುಗುತ್ತಿದ್ದರೆ ಮಾತ್ರ ತಳದಲ್ಲಿರುವ ತಿರುಪುಗಳನ್ನು ನೀವೇ ಬಿಗಿಮಾಡಿಕೊಳ್ಳಬಹುದು. ಅಲುಗಬಾರದು, ಆದರೆ ಸರಾಗವಾಗಿ ಜಾರಬೇಕು.

ಹಲಗೆಯೇ ಹಸಿಯಾಗಿದ್ದರೆ ಯಾವ ಅಲಗೂ ಪ್ರಯೋಜನವಿಲ್ಲ, ಅಂಚು ತೆಂಗಿನ ಸಿಪ್ಪೆಯಂತೆ ನಾರೇಳುತ್ತದೆ. ನೆರಳಿನಲ್ಲಿ ಗಾಳಿಯಾಡುವಂತೆ ಪಟ್ಟಿ ಕೊಟ್ಟು ಅಟ್ಟಿ ಒಣಗಿಸಿದ ಹಲಗೆಯನ್ನೇ ಕೊಯ್ಯಬೇಕು. ಬದುವಿನ ಮರವಾದರೆ ಇನ್ನೊಂದು ಎಚ್ಚರ: ಬೇಲಿಯ ತಂತಿ ಹೊಡೆದ ಹಳೆಯ ಮೊಳೆಗಳನ್ನು ಮರ ಬೆಳೆಯುತ್ತಾ ನುಂಗಿಬಿಟ್ಟಿರುತ್ತದೆ. ಹಲಗೆಯಲ್ಲಿ ನೀಲಿಗಪ್ಪು ಕಲೆ ಕಂಡರೆ ಒಳಗೆ ಕಬ್ಬಿಣವಿದೆಯೆಂದು ಶಂಕಿಸಿ, ಅಯಸ್ಕಾಂತ ಆಡಿಸಿ ನೋಡಿ. ಹಲ್ಲು ಮುರಿದು ಕಣ್ಣಿಗೆ ಸಿಡಿದರೆ ಅಲಗಿನ ನಷ್ಟ ಯಾವ ಲೆಕ್ಕ?

ಹಲಗೆಯ ಎರಡೂ ಭಾಗಕ್ಕೆ ಕೆಳಗೆ ಆಧಾರವಿರಲಿ. ಒಂದು ಕಡೆ ಜೋತುಬಿದ್ದರೆ ಸೀಳು ಮುಚ್ಚಿಕೊಂಡು ಅಲಗನ್ನು ಹಿಡಿಯುತ್ತದೆ. ಮೊದಲು ಅಂಚು ಸುಡುತ್ತದೆ, ಆಮೇಲೆ ಗರಗಸವೇ ಹಿಂದಕ್ಕೆ ಹಾರುತ್ತದೆ. ಆದುದರಿಂದ ಗರಗಸದ ನೇರ ಹಿಂದೆ ನಿಲ್ಲದೆ ಪಕ್ಕಕ್ಕೆ ನಿಲ್ಲಿರಿ. ಹೆಗಲ ಮೇಲಿನ ಟವಲನ್ನು ತೆಗೆದಿಡಿ, ಕನ್ನಡಕ ಹಾಕಿಕೊಳ್ಳಿ. ಕೆಲಸ ಬೇಗ ಸಾಗಲೆಂದು ಅಲಗಿನ ರಕ್ಷಾಕವಚವನ್ನು ತಂತಿಯಿಂದ ಮೇಲಕ್ಕೆ ಕಟ್ಟಿಡುವ ಅಭ್ಯಾಸ ಕೆಲವರಲ್ಲಿದೆ. ಅಂಥ ಗರಗಸವನ್ನು ಎರವಲು ಕೊಟ್ಟರೂ ಮುಟ್ಟಬೇಡಿ.

ಕೆಲಸ ಮುಗಿದ ಮೇಲೆ ಹಳಿಯನ್ನು ಗೋಡೆಗೆ ಒರಗಿಸಿಟ್ಟರೆ ಬಾಗುತ್ತದೆ. ತುದಿಯ ತೂತಿಗೆ ಮೊಳೆ ಹೊಡೆದು ನೆಟ್ಟಗೆ ತೂಗುಹಾಕತಕ್ಕದ್ದು.