ಕಾಡೆಲ್ಲ ಹಸಿರು, ಮೇವು ಎಲ್ಲಿ? ಡ್ರೋನ್ ಹೇಳುವ ಲೆಕ್ಕ



ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಅಂಚಿನ ಊರುಗಳಿಗೆ ಡ್ರೋನ್ ಈಗ ಹೊಸದಲ್ಲ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಕಾವಲಿಗೆ, ಊರಂಚಿಗೆ ಬಂದ ಹುಲಿ, ಆನೆಗಳ ಜಾಡು ಹಿಡಿಯಲು ಅರಣ್ಯ ಇಲಾಖೆ ಅದನ್ನು ಹಾರಿಸುತ್ತದೆ. ಜಗತ್ತಿನ ಹಲವು ರಕ್ಷಿತಾರಣ್ಯಗಳಲ್ಲಿ ಡ್ರೋನಿಗೆ ಇನ್ನೊಂದು ಕೆಲಸವೂ ಇದೆ. ಕಾಡಿನಲ್ಲಿ ಯಾವ ಗಿಡ ಎಲ್ಲಿ, ಎಷ್ಟು ಹರಡಿದೆ ಎಂದು ಲೆಕ್ಕ ಇಡುವ ಕೆಲಸ. ಲಸಿಕೆ ಹಾಕಲು ಕಾಡಂಚಿನ ಸಂಘಗಳಿಗೆ ಹೋದಾಗ "ಗಿಡ ಎಣಿಸಿದ್ರೆ ನಮ್ಗೇನು ಲಾಭ ಡಾಕ್ಟ್ರೇ?" ಎಂದು ಕೇಳುವವರಿದ್ದಾರೆ. ಈ ಲೆಕ್ಕಕ್ಕೂ ನಮ್ಮ ಹಸುಗಳ ಯಕೃತ್ತಿಗೂ ನೇರ ಸಂಬಂಧವಿದೆ.

ಹಸಿರೆಲ್ಲ ಮೇವಲ್ಲ

ಮಳೆ ಬಿದ್ದ ಮೇಲೆ ರಸ್ತೆಯಲ್ಲಿ ನಿಂತು ನೋಡಿದರೆ ಕಾಡೆಲ್ಲ ಹಸಿರು. ಹತ್ತಿರ ಹೋದರೆ ಅದರಲ್ಲಿ ಬಹುಪಾಲು ಲಂಟಾನ, ನಮ್ಮಲ್ಲಿ ಕೆಲವರು ರೋಜದ ಗಿಡ ಎನ್ನುವ ಪೊದೆ. ಅಮೆರಿಕ ಖಂಡದ ಈ ಗಿಡ 1800ರ ದಶಕದ ಆರಂಭದಲ್ಲಿ ಅಲಂಕಾರಕ್ಕೆಂದು ಭಾರತಕ್ಕೆ ಬಂತು. ದೇಶದಲ್ಲಿ ಹುಲಿಗಳಿರುವ ಪ್ರದೇಶದ ಶೇ. 40ರಷ್ಟನ್ನು ಅದು ಆವರಿಸಿದೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಅದರ ಜೊತೆಗೆ ಈಗ ಹಳದಿ ಹೂವಿನ ಸೆನ್ನಾ ಮರವೂ ವಯನಾಡು, ಮುದುಮಲೆ, ಬಂಡೀಪುರ, ನಾಗರಹೊಳೆಗಳಲ್ಲಿ ಹಬ್ಬುತ್ತಿದೆ.

ಇವುಗಳ ಕೆಳಗೆ ಹುಲ್ಲು ಏಳುವುದಿಲ್ಲ. ಹುಲ್ಲಿಲ್ಲದಿದ್ದರೆ ಜಿಂಕೆ, ಕಾಡೆಮ್ಮೆಗಳು ಹೊಲದ ಕಡೆ ಮುಖ ಮಾಡುತ್ತವೆ. ಮೇಯಲು ಬಿಟ್ಟ ದನಗಳು ಇನ್ನಷ್ಟು ಒಳಕ್ಕೆ ನಡೆಯುತ್ತವೆ. ದಟ್ಟ ಪೊದೆಯಲ್ಲಿ ಹುಲಿ, ಚಿರತೆ ಅಡಗಿ ಕೂರುವುದು ಸುಲಭ. ಒಣಗಿದ ಲಂಟಾನ ಬೆಂಕಿಗೂ ಒಳ್ಳೆಯ ಸೌದೆ.

ಡ್ರೋನ್ ನೋಡುವ ಬಗೆ

ಗಿಡದ ಎಲೆ ಕೆಂಪು ಬೆಳಕನ್ನು ಹೀರಿಕೊಂಡು, ನಮ್ಮ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಹಿಂದಕ್ಕೆ ಚೆಲ್ಲುತ್ತದೆ. ಎಲೆ ಒಣಗಿದಂತೆ ಈ ಎರಡರ ಅಂತರ ಕಡಿಮೆಯಾಗುತ್ತದೆ. ವಿಶೇಷ ಕ್ಯಾಮೆರಾ ಎರಡನ್ನೂ ಅಳೆದು, ಒಂದೊಂದು ಚುಕ್ಕೆಗೂ ಒಂದು ಅಂಕಿ ಕೊಡುತ್ತದೆ. ಈ ಹಸಿರು ಸೂಚ್ಯಂಕ ಮೈನಸ್ 1ರಿಂದ 1ರವರೆಗೆ ಇರುತ್ತದೆ. ಹೆಚ್ಚಿದ್ದಷ್ಟೂ ಹಸಿರು ದಟ್ಟ.

ಉಪಗ್ರಹವೂ ಇದೇ ಕೆಲಸ ಮಾಡುತ್ತದೆ. ಆದರೆ ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಒಂದು ಚುಕ್ಕೆ ಎಂದರೆ 10 ಮೀಟರ್ ಉದ್ದ, 10 ಮೀಟರ್ ಅಗಲದ ಜಾಗ. ಅಷ್ಟರಲ್ಲಿ ಪೊದೆ, ಹುಲ್ಲು, ಮರ ಎಲ್ಲ ಕಲಸಿಹೋಗುತ್ತವೆ. ನೂರು ಮೀಟರ್ ಎತ್ತರದಲ್ಲಿ ಹಾರುವ ಡ್ರೋನಿನ ಚಿತ್ರದಲ್ಲಿ ಒಂದು ಚುಕ್ಕೆ ಕೆಲವೇ ಸೆಂಟಿಮೀಟರ್. ಹೀಗಾಗಿ ಪೊದೆ ಬೇರೆ, ಹುಲ್ಲು ಬೇರೆ ಎಂದು ಗುರುತಿಸಬಹುದು. ಸೆನ್ನಾ ಹೂಬಿಟ್ಟಾಗ ಹಳದಿ ತಲೆಗಳನ್ನು ಒಂದೊಂದಾಗಿ ಎಣಿಸಬಹುದು. ಲಂಟಾನ ಕಿತ್ತ ಜಾಗದಲ್ಲಿ ಮರುವರ್ಷ ಹುಲ್ಲು ಬಂತೋ, ಲಂಟಾನವೇ ಮತ್ತೆ ಚಿಗುರಿತೋ ಎಂಬುದೂ ತಿಳಿಯುತ್ತದೆ.

ಒಂದು ಎಚ್ಚರಿಕೆ ಇಲ್ಲಿದೆ. ಸೂಚ್ಯಂಕ ಹಸಿರನ್ನು ಅಳೆಯುತ್ತದೆಯೇ ಹೊರತು ಮೇವನ್ನಲ್ಲ. ಲಂಟಾನ ತುಂಬಿದ ಗುಡ್ಡಕ್ಕೂ ಒಳ್ಳೆಯ ಅಂಕಿಯೇ ಬರುತ್ತದೆ. ಆದ್ದರಿಂದ ಅಂಕಿ ನೋಡಿದವರು ನೆಲಕ್ಕಿಳಿದು ಗಿಡವನ್ನೂ ನೋಡಬೇಕು.

ಡ್ರೋನಿಗೆ ಕಾಣದ್ದು

ಮರಗಳ ನೆರಳಿನಡಿ ಬೆಳೆದ ಲಂಟಾನ ಮೇಲಿನಿಂದ ಕಾಣುವುದಿಲ್ಲ. ಅದು ಏಕೆ ಹಬ್ಬಿತು ಎಂಬುದಕ್ಕೂ ಡ್ರೋನಿನಲ್ಲಿ ಉತ್ತರವಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆಯ ಆರಂಭದಲ್ಲಿ ಹಾಕುತ್ತಿದ್ದ ಸಣ್ಣ ತರಗು ಬೆಂಕಿ ನಿಂತ ಮೇಲೆ ಲಂಟಾನ ಹೆಚ್ಚಿತು ಎನ್ನುತ್ತಾರೆ. ಕಾಡಿನಲ್ಲಿ ನಡೆದವರ ಇಂಥ ತಿಳಿವಳಿಕೆಯನ್ನು ನಕ್ಷೆಯ ಪಕ್ಕದಲ್ಲಿ ಇಟ್ಟುಕೊಂಡರೆ ಮಾತ್ರ ನಕ್ಷೆಗೆ ಬೆಲೆ.

ಡ್ರೋನಿನ ಸದ್ದು ಪ್ರಾಣಿಗಳನ್ನು ಕಾಡುತ್ತದೆ. ಅಮೆರಿಕದ ಮಿನ್ನೆಸೋಟದಲ್ಲಿ ಕರಡಿಗಳ ಮೇಲೆ ಡ್ರೋನ್ ಹಾರಿಸಿ ನಡೆಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಕರಡಿಗಳು ಹೆಚ್ಚಾಗಿ ಓಡಲಿಲ್ಲ, ಆದರೆ ಒಂದರ ಎದೆಬಡಿತ ನಿಮಿಷಕ್ಕೆ 41ರಿಂದ 162ಕ್ಕೆ ಏರಿತ್ತು. ನಮ್ಮ ಹಸುವೂ ಹಾಗೆಯೇ. ಬೆದರಿದ ಹಸು ಸುಮ್ಮನೆ ನಿಂತಿದ್ದರೂ ಸೊರವು ಬಿಡುವುದಿಲ್ಲ. ಮದುವೆ, ಜಾತ್ರೆಗೆ ತಂದ ಡ್ರೋನನ್ನು ಹಾಲು ಕರೆಯುವ ಹೊತ್ತಿನಲ್ಲಿ ಕೊಟ್ಟಿಗೆಯ ಮೇಲೆ ಹಾರಿಸಲು ಬಿಡಬೇಡಿ. ಹುಲಿ ಸಂರಕ್ಷಿತ ಪ್ರದೇಶದ ಮೇಲೆ ಅನುಮತಿಯಿಲ್ಲದೆ ಹಾರಿಸುವುದಂತೂ ಬೇಡವೇ ಬೇಡ.

"ನಮ್ಮ ದನ ಹಿಡಿಯೋಕೆ ತಾನೇ ಈ ಕ್ಯಾಮೆರಾ?" ಎಂಬ ಅನುಮಾನವೂ ಇದೆ. ಗಿಡದ ನಕ್ಷೆ ಮಾಡುವ ಉದ್ದೇಶ ಅದಲ್ಲ. ಆದರೆ ಕಾಡಿನೊಳಗೆ ದನವಿದ್ದರೆ ಚಿತ್ರದಲ್ಲಿ ಅದೂ ಕಾಣುತ್ತದೆ, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಪಶುವೈದ್ಯನಾಗಿ ನನ್ನ ಮಾತು ಇಷ್ಟೆ: ಕಾಡಿನೊಳಗೆ ದನಕ್ಕೆ ಸಿಗುವ ಮೇವಿಗಿಂತ ಅಪಾಯವೇ ಹೆಚ್ಚಾಗಿದೆ.

ಲಂಟಾನ ತಿಂದರೆ

ನಮ್ಮಲ್ಲೇ ಹುಟ್ಟಿ ಬೆಳೆದ ದನ ಲಂಟಾನವನ್ನು ಮೂಸಿ ಬಿಡುತ್ತದೆ. ತಿನ್ನುವುದು ಹೊರಗಿನಿಂದ ಕೊಂಡು ತಂದ ಹಸು, ಎಳೆ ಕರು, ಬರಗಾಲದಲ್ಲಿ ಹಸಿದ ದನ. ದೇಹತೂಕದ ಸುಮಾರು ಶೇ. 1ರಷ್ಟು ವಿಷಕಾರಿ ಸೊಪ್ಪು ಸಾಕು. ಎಂದರೆ 400 ಕಿಲೋ ಹಸುವಿಗೆ 4 ಕಿಲೋ. ಅದರಲ್ಲಿರುವ ಲಂಟಾಡೀನ್ ಎಂಬ ವಿಷ ಯಕೃತ್ತನ್ನು ಕೆಡಿಸಿ ಪಿತ್ತರಸದ ಹರಿವನ್ನು ತಡೆಯುತ್ತದೆ. ಗುರುತುಗಳು ಇವು:

• ಮೇವು ಬಿಡುವುದು, ಮೆಲುಕು ನಿಲ್ಲುವುದು, ಸಗಣಿ ಗಟ್ಟಿಯಾಗುವುದು, ಹಾಲು ಇಳಿಯುವುದು.
• ಕಣ್ಣು, ಒಸಡು ಹಳದಿಯಾಗುವುದು.
• ಬಿಸಿಲು ಕಂಡರೆ ನೆರಳಿಗೆ ಓಡುವುದು; ಮೂಗು, ಕೆಚ್ಚಲು, ಮೈಯ ಬಿಳಿ ಭಾಗದ ಚರ್ಮ ಕೆಂಪಾಗಿ ಸುಲಿಯುವುದು. ಎಚ್.ಎಫ್. ಮಿಶ್ರತಳಿಯಲ್ಲಿ ಇದು ಎದ್ದು ಕಾಣುತ್ತದೆ.

ಇದನ್ನು ಚರ್ಮರೋಗವೆಂದು ಎಣ್ಣೆ ಹಚ್ಚಿ ಕಾಯಬೇಡಿ. ಹೊಟ್ಟೆ ಸ್ತಬ್ಧವಾಗಿರುವುದರಿಂದ ಅಲ್ಲಿ ಉಳಿದ ಸೊಪ್ಪಿನಿಂದ ವಿಷ ದಿನಗಟ್ಟಲೆ ರಕ್ತಕ್ಕೆ ಇಳಿಯುತ್ತಲೇ ಇರುತ್ತದೆ. ಹಸುವನ್ನು ಕತ್ತಲೆ ನೆರಳಿನಲ್ಲಿ ಕಟ್ಟಿ, ನೀರು ಕೊಟ್ಟು, ಅದೇ ದಿನ ಪಶುವೈದ್ಯರನ್ನು ಕರೆಸಿ. ವಿಷ ಹೀರುವ ಇದ್ದಿಲು, ಸಲೈನ್, ಯಕೃತ್ತಿನ ಔಷಧಗಳಿಂದ ಬೇಗ ಬಂದ ಹಸುವನ್ನು ಉಳಿಸಿಕೊಳ್ಳುವ ಅವಕಾಶವಿದೆ. ತುರ್ತಿಗೆ 1962ಕ್ಕೆ ಕರೆ ಮಾಡಬಹುದು.

ಈಗ ಮಾಡಬಹುದಾದದ್ದು

• ಹೊಸದಾಗಿ ತಂದ ಹಸುವನ್ನು ಮೊದಲ ಕೆಲವು ವಾರ ಕಟ್ಟಿಯೇ ಮೇಯಿಸಿ.
• ಬೇಲಿಯ ಲಂಟಾನವನ್ನು ಬುಡಸಮೇತ ಕಿತ್ತು, ದನ ಬಾಯಿ ಹಾಕದ ಕಡೆ ಒಣಗಿಸಿ. ಒಣಗಿದ ಎಲೆಯಲ್ಲೂ ವಿಷ ಉಳಿಯುತ್ತದೆ.
• ನೀರಿದ್ದವರು ಸ್ವಲ್ಪ ಜಾಗವನ್ನಾದರೂ ಸಿಒ-4 ಅಥವಾ ಸಿಒ-5 ನೇಪಿಯರ್ ಹುಲ್ಲಿಗೆ ಬಿಡಿ. ಮಳೆಯಾಶ್ರಿತರು ಮುಸುಕಿನ ಜೋಳದ ಜೊತೆ ಅಲಸಂದೆ ಬೆಳೆದು, ಹೆಚ್ಚಾದದ್ದನ್ನು ರಸಮೇವು ಮಾಡಿಕೊಳ್ಳಿ.
• ನಿಮ್ಮ ಊರಿನ ಪಕ್ಕದ ಕಾಡಿನಲ್ಲಿ ಲಂಟಾನದ ನಕ್ಷೆ ತಯಾರಾದರೆ, ಅದರ ಪ್ರತಿಯೊಂದನ್ನು ಸಂಘಕ್ಕೂ ಕೊಡಿ ಎಂದು ಅಧ್ಯಕ್ಷರು, ಕಾರ್ಯದರ್ಶಿಗಳು ವಲಯ ಅರಣ್ಯಾಧಿಕಾರಿಗಳನ್ನು ಲಿಖಿತವಾಗಿ ಕೇಳಿ. ಹಾಲು ಹಾಕಲು ದಿನಕ್ಕೆರಡು ಬಾರಿ ಊರೆಲ್ಲ ಬರುವ ಜಾಗ ಡೇರಿ. ಯಾವ ದಿಕ್ಕಿಗೆ ದನ ಹೊಡೆಯಬಾರದು ಎಂಬುದು ಅಲ್ಲಿನ ಗೋಡೆಯ ಮೇಲಿದ್ದರೆ ಎಲ್ಲರಿಗೂ ತಿಳಿಯುತ್ತದೆ.

– ಪಶುವೈದ್ಯಾಧಿಕಾರಿ